ಫೋನಿನಲ್ಲಿ 14 ಡಿಗ್ರಿ, ಗೇಟಿನ ಹತ್ತಿರ 9.6

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮೀಟಿಂಗ್ ಇತ್ತು. ರಾತ್ರಿ ಪಾಳಿಯ ವಾಚ್‌ಮನ್ ಕಾಕಾ ಕೇಳಿದ್ದು ಒಂದೇ ಒಂದು. ಗೇಟಿನ ಕ್ಯಾಬಿನ್ನಿಗೆ ಬಾಗಿಲು ಹಾಕಿಸಿಕೊಡಿ ಅಂತ. ಈಗ ಅಲ್ಲಿ ಮೂರು ಕಡೆ ತಗಡು, ಮುಂದೆ ಬಯಲು. ಕಮಿಟಿಯವರೊಬ್ಬರು ಜೇಬಿನಿಂದ ಫೋನ್ ತೆಗೆದು ಎಲ್ಲರಿಗೂ ತೋರಿಸಿದರು. "ಪುಣೆ, ಕನಿಷ್ಠ 14. ಇದೂ ಒಂದು ಚಳಿಯೇ?" ಅಂದರು. ಅಷ್ಟಕ್ಕೇ ವಿಷಯ ಮುಗಿಯಿತು, ಪಾರ್ಕಿಂಗ್ ಜಗಳ ಶುರುವಾಯಿತು.

ಕಾಕಾ ಸಿಂದಗಿ ಕಡೆಯವರು. ಹೊರಗೆ ಬಂದಾಗ ನನಗೆ ಅವರೇ ಸಮಾಧಾನ ಹೇಳಿದರು. "ಹೋಗ್ಲಿ ಬಿಡ್ರಿ ಅಕ್ಕೋರ, ಇನ್ನೊಂದು ತಿಂಗಳ ತಂಡಿ."

ನಿಮಗೆಲ್ಲ ಗೊತ್ತು, ನಾನು ಮೂವತ್ತು ವರ್ಷ ಭೂಗೋಳ ಕಲಿಸಿದವಳು. ಆ 14 ಎಲ್ಲಿಯ 14? ಯಾವ ಜಾಗದಲ್ಲಿ ಅಳೆದದ್ದು? ಅಷ್ಟು ಜನ ಓದಿದವರು ಕೂತಿದ್ದರಲ್ಲ, ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ.

"ಪುಣೆಯ ತಾಪಮಾನ" ಅನ್ನುವ ಒಂದೇ ಸಂಖ್ಯೆ ಇಲ್ಲ. ಚಳಿಗಾಲದ ರಾತ್ರಿಯಂತೂ ಇಲ್ಲವೇ ಇಲ್ಲ. ಹವಾಮಾನ ಇಲಾಖೆಯವರೇ ಶಿವಾಜಿನಗರ, ಪಾಷಾಣ್, ಲೋಹೆಗಾಂವ್ ಅಂತ ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ಜನವರಿಯ ಪೇಪರ್ ತೆಗೆದು ನೋಡಿ. ಪಾಷಾಣ್, ಎನ್‌ಡಿಎ (ಸೇನೆಯ ತರಬೇತಿ ಅಕಾಡೆಮಿ) ಕಡೆ ನಡುಗುತ್ತಿರುವಾಗ ಮಗರಪಟ್ಟಾದಲ್ಲಿ ನಾಲ್ಕೈದು ಡಿಗ್ರಿ ಜಾಸ್ತಿ ಇರುವುದು ಹೊಸದೇನಲ್ಲ. ಅಲ್ಲಿ ಕಾಂಕ್ರೀಟು, ಡಾಂಬರು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಪೂರ್ತಿ ಬಿಸಿ ಬಿಡುತ್ತಾ ಇರುತ್ತವೆ. ಮುಂಬೈಯನ್ನೇ ನೋಡಿ. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ, ಕೊಲಾಬಾದಲ್ಲಿ 11.7. ಒಂದೇ ಊರು, ಒಂದೇ ದಿನ. ಕೊಲಾಬಾದ ಮೂರು ಕಡೆಯೂ ಸಮುದ್ರ. ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ.

ಇನ್ನು ನಮ್ಮ ಗೇಟು. ಪಾಷಾಣ್‌ನ ಈ ಮೂಲೆಯಲ್ಲಿ ಹಿಂದೆ ಟೇಕಡಿ, ಅಂದರೆ ಗುಡ್ಡ; ಮುಂದೆ ರಾಮನದಿಗೆ ಸೇರುವ ನಾಲಾ, ಅಂದರೆ ಹಳ್ಳ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಸೊಸೈಟಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು? ಕಾಕಾ ಕೂರುವ ಕ್ಯಾಬಿನ್.

ಸುಮ್ನೆ ವಾದ ಮಾಡಿದರೆ ಯಾರೂ ಕೇಳಲ್ಲ ಅಂತ ಸೋಮವಾರ ಒಂದೇ ಥರದ ಎರಡು ಥರ್ಮಾಮೀಟರ್ ತಂದೆ. ಆ ರಾತ್ರಿ ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. 0.2 ಡಿಗ್ರಿ ವ್ಯತ್ಯಾಸ ಬಂತು, ಅಷ್ಟೇ. ನಿನ್ನೆ ಒಂದನ್ನು ನಮ್ಮ ಏಳನೇ ಮಹಡಿಯ ಬಾಲ್ಕನಿಯಲ್ಲಿ ತೂಗುಹಾಕಿದೆ. ಇನ್ನೊಂದಕ್ಕೆ ಸೇಬು ಬರುವ ಮರದ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು, ಕ್ಯಾಬಿನ್ನಿನ ಪಕ್ಕ ಬಯಲಿನಲ್ಲಿ ಸ್ಟೂಲಿನ ಮೇಲೆ ನಾಲ್ಕು ಅಡಿ ಎತ್ತರಕ್ಕೆ ಇಟ್ಟೆ. ಇವತ್ತು ಬೆಳಿಗ್ಗೆ ಬಾಲ್ಕನಿಯದ್ದು 14.8. ಗೇಟಿನದ್ದು 9.6.

ಎರಡರ ಫೋಟೋವನ್ನೂ ಗ್ರೂಪಿಗೆ ಹಾಕಿದೆ. ಬಂದ ಉತ್ತರ ಇದು: "ಟೀಚರ್, ಆ್ಯಪ್‌ನಲ್ಲಿ ಇವತ್ತೂ 14 ಇದೆ. ಮನೆ ಥರ್ಮಾಮೀಟರ್ ನಂಬಿಕೊಂಡು ಹವಾಮಾನ ಇಲಾಖೆ ಸುಳ್ಳು ಅನ್ನೋದಾ?"

ನಾನು ಯಾವಾಗ ಹಾಗೆ ಅಂದೆ? ಇಲಾಖೆಯ ಅಳತೆ ಎಷ್ಟು ಜೋಪಾನದ್ದು ಅಂತ ಪಾಠ ಮಾಡಿದವಳು ನಾನು. ಮಕ್ಕಳನ್ನು ಶಿವಾಜಿನಗರದ ಸಿಮ್ಲಾ ಆಫೀಸಿಗೆ, ಅಂದರೆ ಹವಾಮಾನ ಇಲಾಖೆಯ ಪುಣೆ ಕಚೇರಿಗೆ, ಕರೆದುಕೊಂಡು ಹೋಗಿದ್ದೆ. ಅದೇ ಬಿಳಿ ಪೆಟ್ಟಿಗೆ, ಗಾಳಿಯಾಡಲು ಸುತ್ತಲೂ ಓರೆ ಪಟ್ಟಿಗಳು, ಬಿಸಿಲು ಒಳಗೆ ಬೀಳದ ಹಾಗೆ ಉತ್ತರಕ್ಕೆ ಬಾಗಿಲು. ಒಳಗೆ ಕನಿಷ್ಠ ತಾಪಮಾನದ ಥರ್ಮಾಮೀಟರ್ ಅಡ್ಡ ಮಲಗಿರುತ್ತದೆ. ಅದರ ಸ್ಪಿರಿಟ್‌ನೊಳಗೆ ಗುಂಡುಸೂಜಿಯಂಥ ಪುಟ್ಟ ಕಡ್ಡಿ. ಚಳಿ ಏರಿದಂತೆ ಸ್ಪಿರಿಟ್ ಕುಗ್ಗಿ ಆ ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಬೆಳಗಾಗಿ ಬಿಸಿಯಾದಾಗ ಸ್ಪಿರಿಟ್ ಮುಂದೆ ಹೋಗುತ್ತದೆ, ಕಡ್ಡಿ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ 8.30ಕ್ಕೆ ಬಂದು ಅದು ನಿಂತ ಜಾಗ ಓದಿಕೊಳ್ಳುತ್ತಾರೆ. ಎಷ್ಟು ಚೆಂದದ ಕೆಲಸ! ಅದು ನೂರಕ್ಕೆ ನೂರು ಸರಿ. ಆದರೆ ಆ ಪೆಟ್ಟಿಗೆ ಇರುವ ಜಾಗಕ್ಕೆ ಸರಿ. ನಮ್ಮ ನಾಲಾ ಪಕ್ಕದ ಗೇಟಿಗೆ ಅಲ್ಲ. ಫೋನಿನ 14 ಅಂತೂ ಎಷ್ಟೋ ಸಲ ಅಳೆದ ಸಂಖ್ಯೆಯೇ ಅಲ್ಲ. ಕೆಲವು ಕಿಲೋಮೀಟರ್ ಅಗಲದ ಒಂದು ಚೌಕಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು. ಆ ಚೌಕದೊಳಗೆ ಟೇಕಡಿಯೂ ಬರುತ್ತದೆ, ನಾಲಾನೂ ಬರುತ್ತದೆ.

"ನಾಲ್ಕು ಡಿಗ್ರಿಗೆ ಏನಾಗುತ್ತೆ" ಅಂತ ಇನ್ನೊಬ್ಬರು. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಅಥವಾ ಅದಕ್ಕೂ ಕೆಳಗೆ ಇಳಿದ ಮೇಲೆಯೇ ಇಲಾಖೆ ಶೀತಗಾಳಿಯ ಮಾತು ಎತ್ತುವುದು. 14ಕ್ಕೂ 9.6ಕ್ಕೂ ಮಧ್ಯೆ ಆ ಗೆರೆ ಇದೆ. ಅದರ ಕೆಳಗೆ ರಾತ್ರಿಯಿಡೀ ಅರವತ್ತರ ಹತ್ತಿರದ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾರೆ.

ಒಂದು ಮಾತು ಹೇಳಲೇಬೇಕು. ಹೋದ ವರ್ಷ ಇದೇ ಜನವರಿಯಲ್ಲಿ ರಾತ್ರಿ ಎರಡು ಗಂಟೆಗೆ ಕಾಕಾ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಹೊಗೆ ಬರ್ತಿದೆ ಅಂತ ಗ್ರೂಪಿನಲ್ಲಿ ದೂರು ಹಾಕಿದ್ದು ನಾನೇ. ಮರುದಿನದಿಂದ ಬೆಂಕಿ ಬಂದ್. ಏಳನೇ ಮಹಡಿಯಲ್ಲಿ ಶಾಲು ಹೊದ್ದುಕೊಂಡು ನಿಂತಿದ್ದೆ, ಅಷ್ಟೇನೂ ಚಳಿ ಇಲ್ಲವಲ್ಲ ಅಂತ ನನಗೂ ಅನ್ನಿಸಿತ್ತು. ಕೆಳಗೆ ಇಳಿದು ಒಂದು ನಿಮಿಷ ನಿಂತು ನೋಡಲಿಲ್ಲ. ತಣ್ಣನೆ ಗಾಳಿ ತಗ್ಗಿಗೆ ಇಳಿಯುತ್ತದೆ ಅಂತ ಬೋರ್ಡಿನ ಮೇಲೆ ಅದೆಷ್ಟು ಸಲ ಚಿತ್ರ ಬರೆದಿದ್ದೆನೋ. ಇವತ್ತು 9.6 ನೋಡಿದಾಗ ಮೊದಲು ನೆನಪಾದದ್ದು ಆ ದೂರು. ಹೊಟ್ಟೆಯಲ್ಲಿ ಸಂಕಟವಾಯಿತು. ಕಾಕಾ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ಅದನ್ನು ಮರೆತೇಬಿಟ್ಟಿದ್ದರು.

ಶನಿವಾರ ಬಡಗಿ ಬರುತ್ತಾನೆ. ಬಾಗಿಲಿನ ದುಡ್ಡು ನಾನು ಕೊಡುತ್ತೇನೆ, ಕಮಿಟಿ ಒಪ್ಪಿಗೆ ಕೊಟ್ಟರೆ ಸಾಕು. ಒಪ್ಪಿಗೆ ಕೊಡುವ ಮೊದಲು ಯಾರಿಗಾದರೂ ಅನುಮಾನ ಇದ್ದರೆ ಬೆಳಿಗ್ಗೆ ಐದೂವರೆಗೆ ಕೆಳಗೆ ಬನ್ನಿ. ಪೆಟ್ಟಿಗೆ ಅಲ್ಲೇ ಇರುತ್ತದೆ, ನಾನೂ ಇರುತ್ತೇನೆ. ಫೋನ್ ಮನೆಯಲ್ಲೇ ಬಿಟ್ಟು ಬನ್ನಿ.