ಹಾಸನದ 573201, ಚಿಕ್ಕಮಗಳೂರಿನ 577101

ಹೈಸ್ಕೂಲ್ ಮಕ್ಕಳಿಗೆ ದೊಡ್ಡ ಸಂಖ್ಯೆಯ ಗುಣ ತೋರಿಸೋಕೆ ಅವರ ಊರಿನ ಪಿನ್‌ಕೋಡ್‌ಗಿಂತ ಒಳ್ಳೆ ಲೆಕ್ಕ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪುಸ್ತಕದಲ್ಲಿ ಕೊಡೋ ಸಂಖ್ಯೆಗಳು ಸಾಮಾನ್ಯವಾಗಿ 2, 3, 5ರಲ್ಲೇ ಒಡೆದು ಮುಗಿದುಹೋಗುತ್ತವೆ. ಪಿನ್‌ಕೋಡನ್ನು ಯಾರೂ ಲೆಕ್ಕಕ್ಕೆ ಅಂತ ಆರಿಸಿದ್ದಲ್ಲ, ಅದು ಕೊನೇವರೆಗೂ ದುಡಿಸುತ್ತೆ.

ಹಾಸನದ್ದು 573201. ಅಂಕಿಗಳ ಮೊತ್ತ 18, ಹಾಗಾಗಿ 9ರಲ್ಲಿ ಹೋಗುತ್ತೆ. ಇಷ್ಟಕ್ಕೇ ಲಕ್ಕಿ ನಂಬರ್ ಅನ್ನೋರಿದ್ದಾರೆ. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಶೇಷ 1 ಉಳಿಯುತ್ತೆ, ಅದಕ್ಕೇ ಈ ಮೊತ್ತದ ಉಪಾಯ ನಡೆಯೋದು. ಅದೃಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ.

9 ತೆಗೆದರೆ 63689. ಹೆಚ್ಚಿನವರು ಎಡವೋದು ಇಲ್ಲೇ. 7, 11, 13, 17 ನೋಡಿ, ಹೋಗಲಿಲ್ಲ ಅಂತ ಅವಿಭಾಜ್ಯ ಎಂದು ಬರೆದುಬಿಡುತ್ತಾರೆ. ಉತ್ತರ ಸರಿ, ಆದರೆ ಸಾಬೀತಾಗಲಿಲ್ಲ. ಇದರ ವರ್ಗಮೂಲ 252ಕ್ಕಿಂತ ಚೂರು ಹೆಚ್ಚು, ಆದ್ದರಿಂದ 251ರವರೆಗಿನ ಅಷ್ಟೂ ಅವಿಭಾಜ್ಯಗಳನ್ನು ನೋಡಲೇಬೇಕು. ಮೊಬೈಲ್ ಕ್ಯಾಲ್ಕುಲೇಟರ್ 193ಕ್ಕೆ 329.9948 ತೋರಿಸುತ್ತೆ. ಅದನ್ನು 330 ಅಂದುಕೊಂಡರೆ ಕೆಟ್ಟಿತು, ಯಾಕಂದ್ರೆ 193 × 330 = 63690, ಒಂದು ಹೆಚ್ಚು. ಅನುಮಾನ ಬಂದಲ್ಲೆಲ್ಲ ತಿರುಗಿ ಗುಣಿಸಿ ನೋಡಿ. ಕೊನೆಗೆ ಯಾವುದರಲ್ಲೂ ಹೋಗಲ್ಲ: 573201 = 3 × 3 × 63689.

ನನಗೆ ತುಂಬ ಇಷ್ಟವಾದ ಭಾಗ ಮುಂದಿನದು. 63689ನ್ನು 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯ ಯಾವುದೇ ಇರಲಿ, ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿ ಬರುತ್ತೆ. ಗಣಿತಜ್ಞ ಫರ್ಮಾ 1640ರಲ್ಲಿ ಹೇಳಿದ್ದು, ಇನ್ನೊಬ್ಬ ಗಣಿತಜ್ಞ ಆಯ್ಲರ್ ಆಮೇಲೆ ಸಾಧಿಸಿದ್ದು. ಹುಡುಕೋದು ಹೇಗೆ? ವರ್ಗಗಳ ಕೊನೆಯಂಕಿ 0, 1, 4, 5, 6, 9 ಮಾತ್ರ. ನಮಗೆ ಬೇಕಾದ 9 ಬರೋದು 0+9 ಅಥವಾ 5+4ರಿಂದಲೇ, ಅಂದರೆ ಒಂದು ಸಂಖ್ಯೆ 5ರ ಮಗ್ಗಿಯದ್ದೇ ಆಗಿರಬೇಕು. ಹುಡುಕೋ ಕೆಲಸ ಐದರಲ್ಲೊಂದು ಪಾಲಿಗೆ ಇಳಿಯಿತು. 235ಕ್ಕೆ ಬಂದಾಗ 63689 − 55225 = 8464, ಅದು 92ರ ವರ್ಗ! ಎರಡನ್ನೂ 3ರಿಂದ ಗುಣಿಸಿ: 705² + 276² = 497025 + 76176 = 573201.

ಚಿಕ್ಕಮಗಳೂರಿನ 577101ಕ್ಕೂ 4ರಲ್ಲಿ ಶೇಷ 1, ಆದರೂ ಅದು ಹೀಗೆ ಒಡೆಯಲ್ಲ. ಅದು 3 × 7 × 27481. ಎರಡು ವರ್ಗಗಳ ಮೊತ್ತ 3ರಲ್ಲಿ ಹೋಗಬೇಕಾದರೆ ಎರಡು ಸಂಖ್ಯೆಗಳೂ 3ರಲ್ಲಿ ಹೋಗಲೇಬೇಕು, ಆಗ ಮೊತ್ತ 9ರಲ್ಲೂ ಹೋಗಬೇಕು. ಇಲ್ಲಿ 3 ಒಂಟಿ. ಹಾಸನದಲ್ಲಿ ಜೋಡಿಯಾಗಿತ್ತು, ಅದಕ್ಕೇ ದಾಟಿತು. 7ರ ಕಥೆಯೂ ಇದೇ. ಶೇಷ 1 ಬಂತು ಅಂತ ಇಡೀ ಸಂಖ್ಯೆಗೆ ಆ ನಿಯಮ ಹಚ್ಚಬಾರದು, ಮೊದಲು ಅಪವರ್ತನ ಮಾಡಬೇಕು.

4ರಲ್ಲಿ ಶೇಷ 3 ಬಂದರೆ ಮಾತ್ರ ಅಷ್ಟು ಕಷ್ಟವೇ ಬೇಡ: ಯಾವ ವರ್ಗಕ್ಕೂ 4ರಲ್ಲಿ ಶೇಷ 0 ಅಥವಾ 1 ಮಾತ್ರ, ಎರಡನ್ನು ಕೂಡಿಸಿದರೂ 3 ಆಗಲ್ಲ. ಅರಸೀಕೆರೆ 573103ರ ಕೊನೇ ಎರಡಂಕಿ 03, ಅಲ್ಲಿಗೇ ಆಗಲ್ಲ ಅಂತ ತೀರ್ಮಾನ. ಸಕಲೇಶಪುರ 573134ನ್ನು ಅರ್ಧ ಮಾಡಿದರೆ 286567, ಅದಕ್ಕೂ ಶೇಷ 3, ಅದೂ ಆಗಲ್ಲ. ಮೂಡಿಗೆರೆಯವರು 577132ನ್ನು ಮೊದಲು 4ರಿಂದ ಭಾಗಿಸಿಕೊಂಡು ಶುರು ಮಾಡಿ.