ಮಾತ್ರೆಯ ಡಬ್ಬಿಗಿರುವ ಭದ್ರತೆ ಪಿಸ್ತೂಲಿಗೇಕಿಲ್ಲ?

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಯ ಎಡಿಸನ್ನಿಗೆ ಹೋಗುವ ನಮ್ಮ ಹಿರಿಯರಿಗೆ ಅಮೆರಿಕದ ಸರ್ಕಾರದ ಶಿಶುಪ್ರೇಮ ಮೊದಲು ಅನುಭವಕ್ಕೆ ಬರುವುದು ಮಾತ್ರೆಯ ಡಬ್ಬಿಯಲ್ಲಿ. ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದೇ ತಿರುಗಿಸಬೇಕು. ಒತ್ತದೆ ತಿರುಗಿಸಿದರೆ ಅದು ಟಕಟಕನೆ ಸದ್ದು ಮಾಡುತ್ತ ಸುಮ್ಮನೆ ಸುತ್ತುತ್ತದೆ. ಪುಟ್ಟ ಮಕ್ಕಳು ಮಾತ್ರೆ ನುಂಗಬಾರದೆಂದು 1970ರಲ್ಲಿ ಬಂದ ಕಾಯ್ದೆಯ ಫಲವಿದು. 1994ರಿಂದ ಸಿಗರೇಟು ಲೈಟರಿಗೂ ಇಂಥದೇ ಕಟ್ಟುಪಾಡು ಇದೆ. ಆಟಿಕೆ ಬಂದೂಕಿನ ಮೂತಿಗೆ ಕಿತ್ತಳೆ ಬಣ್ಣದ ಗುರುತು ಬೇಕು, ಗೊಂಬೆಯ ಕಣ್ಣು ಕಿತ್ತುಬರುವಂತಿದ್ದರೆ ಗ್ರಾಹಕ ಉತ್ಪನ್ನಗಳ ಸುರಕ್ಷತಾ ಆಯೋಗವು ಆ ಗೊಂಬೆಯನ್ನೇ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬಲ್ಲದು. ಆದರೆ ಇದೇ ಆಯೋಗವು ನಿಜವಾದ ಬಂದೂಕಿನ ತಂಟೆಗೆ ಹೋಗುವಂತಿಲ್ಲ; ಆಯೋಗವನ್ನು ಹುಟ್ಟುಹಾಕಿದ 1972ರ ಕಾಯ್ದೆಯೇ ಬಂದೂಕನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸುಳ್ಳು ಬಂದೂಕಿಗಿರುವ ಶಿಸ್ತು ನಿಜವಾದದ್ದಕ್ಕೆ ಅನಗತ್ಯವೆಂದು ಶಾಸಕಾಂಗಕ್ಕೆ ತೋರಿರಬೇಕು. 2020ರಿಂದೀಚೆಗೆ ಆ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲನೆಯ ಕಾರಣ ಬಂದೂಕೇ ಆಗಿದೆಯಾದರೂ ಈ ಅಭಿಪ್ರಾಯ ಬದಲಾದಂತಿಲ್ಲ.

ಹಾಗೆಂದು ಯಾರೂ ಪ್ರಯತ್ನಿಸಲೇ ಇಲ್ಲವೆನ್ನುವಂತಿಲ್ಲ. ಪಿಸ್ತೂಲು ಮಾರುವ ಪರವಾನಗಿದಾರರು ಅದರ ಜೊತೆಗೊಂದು ಬೀಗವನ್ನೋ ಭದ್ರ ಪೆಟ್ಟಿಗೆಯನ್ನೋ ಕೊಡಬೇಕೆಂದು 2005ರ ಕೇಂದ್ರ ಕಾಯ್ದೆ ವಿಧಿಸಿತು. ಕೊಟ್ಟ ಬೀಗವನ್ನು ಹಾಕಲೇಬೇಕೆಂದು ಮಾತ್ರ ಅದು ಹೇಳಲಿಲ್ಲ.

ನ್ಯೂಜೆರ್ಸಿ ಇದಕ್ಕಿಂತ ಮುಂದೆ ಹೋಯಿತು. ಒಡೆಯನ ಕೈಯಲ್ಲಲ್ಲದೆ ಬೇರಾರ ಕೈಯಲ್ಲೂ ಹಾರದ ಪಿಸ್ತೂಲು ದೇಶದ ಯಾವುದೇ ಮೂಲೆಯ ಅಂಗಡಿಯಲ್ಲಿ ಮಾರಾಟಕ್ಕೆ ಬಂದರೂ, ಅದು ಬಂದಿದೆಯೆಂದು ಅಟಾರ್ನಿ ಜನರಲ್ ಪ್ರಮಾಣೀಕರಿಸಿದ ಸುಮಾರು ಎರಡೂವರೆ ವರ್ಷಗಳ ನಂತರ ರಾಜ್ಯದಲ್ಲಿ ಅಂಥ ಪಿಸ್ತೂಲುಗಳನ್ನಷ್ಟೇ ಮಾರಬೇಕೆಂದು 2002ರ ಡಿಸೆಂಬರಿನಲ್ಲಿ ಗವರ್ನರ್ ಜಿಮ್ ಮೆಕ್‌ಗ್ರೀವಿ ಕಾಯ್ದೆಗೆ ಸಹಿ ಹಾಕಿದರು. ಉದ್ದೇಶ ಉದಾತ್ತ, ಫಲಿತಾಂಶ ವಿಚಿತ್ರ. ಮೊದಲ ಪಿಸ್ತೂಲು ಮಾರಾಟವಾದರೆ ಉಳಿದವಕ್ಕೆಲ್ಲ ನಿಷೇಧದ ಗಂಟೆ ಬಾರಿಸುತ್ತದೆಂದಾಗ, ಆ ಮೊದಲನೆಯದು ಎಲ್ಲಿಯೂ ಮಾರಾಟವಾಗದಂತೆ ಕಾಯುವುದೇ ಬಂದೂಕುಪ್ರಿಯರ ಪರಮ ಕರ್ತವ್ಯವಾಯಿತು.

2014ರಲ್ಲಿ ಜರ್ಮನಿಯ ಅರ್ಮ್ಯಾಟಿಕ್ಸ್ ಕಂಪನಿಯ ಐಪಿ1 ಪಿಸ್ತೂಲನ್ನು ಮಾರಲು ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ಒಬ್ಬ ಬಂದೂಕು ವ್ಯಾಪಾರಿ ಮುಂದಾದನು. ಆ ಪಿಸ್ತೂಲಿಗೊಂದು ಜೋಡಿ ಕೈಗಡಿಯಾರವಿದ್ದು, ಅದು ಹತ್ತಿರವಿದ್ದರಷ್ಟೇ ಗುಂಡು ಹಾರುತ್ತಿತ್ತು. ಸುದ್ದಿ ಹಬ್ಬಿದ್ದೇ ತಡ, ವ್ಯಾಪಾರಿಗೆ ಕೊಲೆ ಬೆದರಿಕೆಗಳು ಬಂದವು; ಆತ ವಿಚಾರವನ್ನೇ ಕೈಬಿಟ್ಟನು. ಪಿಸ್ತೂಲು ಕೊಳ್ಳುವ ಸ್ವಾತಂತ್ರ್ಯವನ್ನು ಉಳಿಸಲು ಒಂದು ಪಿಸ್ತೂಲನ್ನು ಮಾರುವ ಸ್ವಾತಂತ್ರ್ಯವನ್ನು ಹೀಗೆ ಹೆದರಿಸಿ ಓಡಿಸಲಾಯಿತು. ಬೆದರಿಸಿದವರಲ್ಲಿ ಮುಕ್ತ ಮಾರುಕಟ್ಟೆಯ ಆರಾಧಕರು ಎಷ್ಟು ಮಂದಿ ಇದ್ದರೋ!

ಸರ್ಕಾರವೂ ಹಿಂದೆ ಬೀಳಲಿಲ್ಲ. ಗಡಿಯಾರವು ಹತ್ತು ಇಂಚಿನೊಳಗಿದ್ದರೆ ಪಿಸ್ತೂಲನ್ನು ಯಾರು ಬೇಕಾದರೂ ಹಾರಿಸಬಹುದಾದ್ದರಿಂದ ಇದು ಕಾಯ್ದೆಯ ವ್ಯಾಖ್ಯೆಗೆ ಒಳಪಡದೆಂದು ನ್ಯೂಜೆರ್ಸಿಯ ಅಟಾರ್ನಿ ಜನರಲ್ ಕಚೇರಿ ಅದೇ ವರ್ಷ ತೀರ್ಮಾನಿಸಿತು. ಆ ಪಿಸ್ತೂಲಿನ ಮಾನ ಉಳಿದದ್ದೂ ಅಷ್ಟಕ್ಕಷ್ಟೆ: 2017ರಲ್ಲಿ ಒಬ್ಬ ಹ್ಯಾಕರ್ ಸುಮಾರು 15 ಡಾಲರಿನ ಅಯಸ್ಕಾಂತಗಳನ್ನು ಪಕ್ಕಕ್ಕಿಟ್ಟು, ಗಡಿಯಾರವಿಲ್ಲದೆಯೇ ಅದನ್ನು ಹಾರಿಸಿ ತೋರಿಸಿದನು. ಹೀಗೆ ಮೇರಿಲ್ಯಾಂಡಿನ ವ್ಯಾಪಾರಿ ಜೀವಭಯಕ್ಕೆ ತುತ್ತಾದದ್ದು, ಕಾಯ್ದೆಯನ್ನು ಜಾರಿಗೆ ತರುವ ಯೋಗ್ಯತೆಯೇ ಇಲ್ಲದ ಸರಕಿಗಾಗಿ. ಅಂತೂ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಆ ಕಾಯ್ದೆಯು ಪುಸ್ತಕದಲ್ಲಿ ಅತ್ಯಂತ ಸುರಕ್ಷಿತವಾಗಿತ್ತು. ಮಕ್ಕಳಿರಲಿ, ದೊಡ್ಡವರ ಕೈಗೂ ಅದು ಸಿಗಲಿಲ್ಲ. ಅಂದಹಾಗೆ, ಈ ಸುರಕ್ಷಿತ ಪಿಸ್ತೂಲಿನ ಕಡ್ಡಾಯದಿಂದ ಪೊಲೀಸರಿಗೆ ಮೊದಲ ದಿನವೇ ವಿನಾಯಿತಿ ಕೊಡಲಾಗಿತ್ತು. ತನ್ನ ಪೊಲೀಸರ ಸೊಂಟಕ್ಕೆ ಸಿಕ್ಕಿಸಲು ಒಪ್ಪದ ಆಯುಧವನ್ನು ಪ್ರಜೆಗಳು ನಂಬಿ ಕೊಳ್ಳಬೇಕೆಂದು ಬಯಸಿದ ಸರ್ಕಾರದ ಆತ್ಮವಿಶ್ವಾಸವನ್ನು ಮೆಚ್ಚಲೇಬೇಕು.

ಕೊನೆಗೆ 2019ರಲ್ಲಿ ಗವರ್ನರ್ ಫಿಲ್ ಮರ್ಫಿ ಹಳೆಯ ಕಡ್ಡಾಯವನ್ನು ತೆಗೆದುಹಾಕಿದರು. ಹೊಸ ನಿಯಮದಂತೆ ಒಂದು ಆಯೋಗವು ಇಂಥ ಪಿಸ್ತೂಲಿನ ಗುಣಮಟ್ಟವನ್ನು ಗೊತ್ತುಪಡಿಸಬೇಕು, ಅದು ಒಪ್ಪಿದ ಮಾದರಿಗಳಲ್ಲಿ ಒಂದನ್ನಾದರೂ ಪ್ರತಿಯೊಬ್ಬ ವ್ಯಾಪಾರಿಯೂ ಅಂಗಡಿಯಲ್ಲಿ ಇಡಬೇಕು. ಗಿರಾಕಿ ಅದನ್ನೇ ಕೊಳ್ಳಬೇಕೆಂದಿಲ್ಲ. ಅವನು ಅದನ್ನು ಕಣ್ಣಾರೆ ನೋಡಿ, ಮೆಚ್ಚಿ ತಲೆದೂಗಿ, ಪಕ್ಕದ ಮಾಮೂಲಿ ಪಿಸ್ತೂಲನ್ನು ಕೊಂಡು, ಕೇಂದ್ರ ಸರ್ಕಾರ ಕೊಡಿಸುವ ಬೀಗದ ಸಮೇತ ಮನೆಗೆ ಒಯ್ಯಬಹುದು.