ಅದು ಪುಸ್ತಕದಲ್ಲಿ ಬರೆದಿಲ್ಲ

ನಿನ್ನೆ ಸಂಜೆಯಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ. ಬರೆದು ಹಾಕಿದರೆ ಮನಸ್ಸು ಸ್ವಲ್ಪ ಹಗುರಾದೀತು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಪರಿಚಯದವರ ಮನೆಗೆ ಹೋಗಿದ್ದೆ. ಅವರ ಮಗಳು ಮೂರನೇ ತರಗತಿ. ಒಂದು ಚಿತ್ರಕಥೆಯ ಪುಸ್ತಕ ತಂದು ನನ್ನ ಪಕ್ಕದಲ್ಲಿ ಕೂತು ಓದತೊಡಗಿದಳು. ಎಲ್ಲೂ ತಡವರಿಸಲಿಲ್ಲ. ಒತ್ತಕ್ಷರಗಳೆಲ್ಲ ಸ್ಪಷ್ಟ. ಪೂರ್ಣವಿರಾಮ ಬಂದಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಮುಂದೆ. ಅವಳ ಅಪ್ಪ ಖುಷಿಯಿಂದ ನೋಡುತ್ತಿದ್ದರು. ನನಗೂ ಖುಷಿಯೇ.

ಕಥೆಯ ನಡುವೆ ಒಂದು ಪುಟದಲ್ಲಿ ಹೀಗಿತ್ತು. ಜೋರು ಮಳೆ. ಹುಡುಗ ಕೊಡೆ ಹಿಡಿದುಕೊಂಡು ಮನೆಗೆ ಬಂದ. ಅವನ ತಲೆಯಿಂದ ನೀರು ಇಳಿಯುತ್ತಿತ್ತು. ಜೊತೆಗಿದ್ದ ನಾಯಿಮರಿಯ ಮೈ ಮಾತ್ರ ಒಣಗಿತ್ತು. ಅಷ್ಟೇ, ಪುಟ ಮುಗಿಯಿತು.

ಓದಿ ಮುಗಿದ ತಕ್ಷಣ ಅಪ್ಪ ಪುಸ್ತಕ ಇಸಿದುಕೊಂಡು ಮುಚ್ಚಿದರು. ಪ್ರಶ್ನೆ ಶುರು. ಮನೆಗೆ ಬಂದವರು ಯಾರು? ಹುಡುಗ. ಕೈಯಲ್ಲಿ ಏನಿತ್ತು? ಕೊಡೆ. ಯಾರ ಮೈ ಒಣಗಿತ್ತು? ನಾಯಿಮರಿಯ ಮೈ. ಕಥೆಯ ನೀತಿ ಏನು? ಪ್ರಾಣಿಗಳನ್ನು ಪ್ರೀತಿಸಬೇಕು. ಎಲ್ಲವೂ ಪಟಪಟ. ನಾನು ಸುಮ್ನೆ ಇರಬಹುದಿತ್ತು, ಇರಲಿಲ್ಲ. 'ಪುಟ್ಟಿ, ಕೈಯಲ್ಲಿ ಕೊಡೆ ಇತ್ತಲ್ಲ, ಮತ್ತೆ ಹುಡುಗ ಯಾಕೆ ನೆಂದ?' ಅಂದೆ.

ಮಗು ಪುಸ್ತಕ ತೆಗೆದುಕೊಂಡು ಆ ಪುಟ ಹುಡುಕಿತು. ಬೆರಳಿಟ್ಟು ಸಾಲು ಸಾಲಾಗಿ ಮತ್ತೆ ನೋಡಿತು. ಆಮೇಲೆ ತಲೆ ಎತ್ತಿ, 'ಅದು ಪುಸ್ತಕದಲ್ಲಿ ಬರೆದಿಲ್ಲ' ಅಂತು. ಏನೋ ತಪ್ಪು ಮಾಡಿದವರ ಹಾಗೆ ಮುಖ ಸಪ್ಪಗಾಗಿತ್ತು.

ಆ ಮಗುವಿನ ಮೇಲೆ ನನಗೆ ಕೋಪವಿಲ್ಲ, ಅಪ್ಪನ ಮೇಲೂ ಇಲ್ಲ. ಕೋಪ ನಾವು ಹಿಡಿದಿರುವ ದಾರಿಯ ಮೇಲೆ. ಕಥೆ ಓದಿಸುತ್ತೇವೆ, ಪುಸ್ತಕ ಮುಚ್ಚುತ್ತೇವೆ, ಪ್ರಶ್ನೆ ಕೇಳುತ್ತೇವೆ. ಮಗು ಉತ್ತರ ಹೇಳಿದರೆ ಅರ್ಥವಾಗಿದೆ ಅಂತ ನಂಬುತ್ತೇವೆ, ಹೇಳದಿದ್ದರೆ ಇನ್ನೊಮ್ಮೆ ಓದು ಅನ್ನುತ್ತೇವೆ. ಇದರಲ್ಲಿ ಕಲಿಸಿದ್ದು ಯಾವಾಗ? ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ತೋರಿಸಿದ್ದು ಯಾವ ಗಳಿಗೆಯಲ್ಲಿ? ಅಳೆದದ್ದನ್ನೇ ಕಲಿಸಿದ್ದು ಅಂದುಕೊಂಡುಬಿಟ್ಟಿದ್ದೇವೆ.

ಅನುಮಾನ ಇದ್ದರೆ ಈ ವಾಕ್ಯ ಓದಿ: 'ಕಿಮಟಿ ಗೊಂಪಿನಲ್ಲಿ ಜಿಲಿಕೆಯನ್ನು ಲುಬ್ಬಿಸಿತು.' ಈಗ ಉತ್ತರ ಹೇಳಿ. ಜಿಲಿಕೆಯನ್ನು ಲುಬ್ಬಿಸಿದ್ದು ಯಾವುದು? ಕಿಮಟಿ. ಎಲ್ಲಿ ಲುಬ್ಬಿಸಿತು? ಗೊಂಪಿನಲ್ಲಿ. ಏನನ್ನು ಲುಬ್ಬಿಸಿತು? ಜಿಲಿಕೆಯನ್ನು. ಮೂರಕ್ಕೆ ಮೂರು ಅಂಕ. ಇದರಲ್ಲಿ ಒಂದು ಪದವೂ ನಿಜವಾದ ಪದವಲ್ಲ, ನಾನೇ ಈಗ ಕಟ್ಟಿದ್ದು. ನಮ್ಮ ಭಾಷೆಯಲ್ಲಿ 'ಅಲ್ಲಿ', 'ಅನ್ನು' ಅನ್ನುವ ಪ್ರತ್ಯಯಗಳೇ ಉತ್ತರ ಎಲ್ಲಿದೆ ಅಂತ ಹೇಳಿಕೊಡುತ್ತವೆ. ಪ್ರಶ್ನೆಯ ಪದ ಹಿಡಿದು, ಪುಟದಲ್ಲಿ ಅದೇ ಪದ ಹುಡುಕಿ, ಪಕ್ಕದ್ದನ್ನು ಎತ್ತಿ ಬರೆದರೆ ಆಯಿತು. ಮಕ್ಕಳು ಜಾಣರು, ಇದನ್ನು ಎರಡನೇ ತರಗತಿಯಲ್ಲೇ ಕಂಡುಕೊಳ್ಳುತ್ತಾರೆ. ಆಮೇಲೆ ವರ್ಷಗಟ್ಟಲೆ ಅದನ್ನೇ ಮಾಡುತ್ತಾರೆ. ಮೇಲಾಗಿ ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಕೈಗೆ ಸಿಕ್ಕಿದರೆ ಗೊತ್ತಿಲ್ಲದ ಪದವನ್ನೂ ಸರಾಗವಾಗಿ ಓದಬಹುದು. ಹಾಗಾಗಿ ಮಗು ಎಲ್ಲಿ ಕಳೆದುಹೋಗಿದೆ ಅನ್ನುವುದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಇದು ನಮ್ಮೊಬ್ಬರದೇ ಸಮಸ್ಯೆ ಅಲ್ಲ. ಅಮೆರಿಕದಲ್ಲಿ ಡೊಲೊರೆಸ್ ಡರ್ಕಿನ್ ಎಂಬ ಸಂಶೋಧಕಿ ನಾಲ್ಕನೇ ತರಗತಿಗಳಲ್ಲಿ ಕೂತು, ಓದಿನ ಪಾಠದ ಒಂದೊಂದು ನಿಮಿಷವೂ ಯಾವುದಕ್ಕೆ ಹೋಗುತ್ತಿದೆ ಅಂತ ಲೆಕ್ಕ ಇಟ್ಟರು. 1978-79ರಲ್ಲಿ ಅದು ಪ್ರಕಟವಾಯಿತು. ಅರ್ಥ ಮಾಡಿಕೊಳ್ಳುವುದನ್ನು ಕಲಿಸಲು ಹೋದ ಸಮಯ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಪ್ರಶ್ನೆ ಕೇಳಿ ಉತ್ತರ ಸರಿಯೋ ತಪ್ಪೋ ನೋಡುವುದಕ್ಕೆ ಮಾತ್ರ ಬೇಕಾದಷ್ಟು ಸಮಯ ಹೋಗಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ನನ್ನ ತರಗತಿಯೇ ಕಣ್ಣ ಮುಂದೆ ಬಂತು.

ಹೌದು, ನಾನೂ ಅದನ್ನೇ ಮಾಡಿದ್ದೇನೆ. ಹಳೆಯ ಸ್ನೇಹಿತರಿಗೆ ಗೊತ್ತು, ಎಷ್ಟು ವರ್ಷ ಪ್ರಾಥಮಿಕ ತರಗತಿಗೆ ಪಾಠ ಮಾಡಿದೆ ಅಂತ. ಮೊದಲ ಕೆಲವು ವರ್ಷ ಕಥೆ ಅಂದರೆ ನನಗೆ ಕೊನೆಯ ಹತ್ತು ಪ್ರಶ್ನೆಗಳೇ. ಒಮ್ಮೆ ಒಂದು ಕಥೆ ಮಾಡಿದ್ದೆವು. ಅಜ್ಜಿ ದಿನಾ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಹೆಣೆಯುತ್ತಿರುತ್ತಾಳೆ. ಕೊನೆಯ ಪುಟದಲ್ಲಿ ಕುರ್ಚಿ ಖಾಲಿ, ಅದರ ಮೇಲೆ ಅರ್ಧ ಹೆಣೆದ ಸ್ವೆಟರ್. ಒಬ್ಬ ಹುಡುಗ ಎಲ್ಲ ಉತ್ತರ ಸರಿ ಬರೆದಿದ್ದ, ಪೂರ್ತಿ ಅಂಕ ಕೊಟ್ಟೆ. ಮೂರು ವಾರ ಕಳೆದ ಮೇಲೆ, ಬೇರೆ ಯಾವುದೋ ಪಾಠದ ನಡುವೆ ಎದ್ದು ನಿಂತು ಮೆಲ್ಲಗೆ ಕೇಳಿದ, 'ಮಿಸ್, ಆ ಅಜ್ಜಿ ಸತ್ತುಹೋದಳಾ?' ಮೂರು ವಾರ ಆ ಖಾಲಿ ಕುರ್ಚಿ ಅವನ ತಲೆಯೊಳಗೆ ಇತ್ತು. ನನ್ನ ಹತ್ತು ಪ್ರಶ್ನೆಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವತ್ತು ನನಗೆ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಹಾಗಾದರೆ ಏನು ಮಾಡಬೇಕು? ಪುಸ್ತಕ ತೆರೆದೇ ಇರಲಿ. ಓದುತ್ತಾ ಇರುವಾಗಲೇ ದೊಡ್ಡವರು ತಮ್ಮ ತಲೆಯೊಳಗೆ ನಡೆಯುವುದನ್ನು ಬಾಯಿಬಿಟ್ಟು ಹೇಳಬೇಕು. 'ಅರೆ, ಇಲ್ಲಿ ನಾನು ನಿಂತೆ. ಕೊಡೆ ಇದೆ, ಆದರೂ ಹುಡುಗ ನೆಂದಿದ್ದಾನೆ. ಹೇಗೆ? ನಾಯಿಮರಿ ಒಣಗಿದೆ. ಹಾಗಾದರೆ ಕೊಡೆ ಯಾರ ಮೇಲೆ ಇತ್ತು?' ನಮಗೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ಆದದ್ದೂ ಗೊತ್ತಾಗುವುದಿಲ್ಲ. ಮಗುವಿಗೆ ಅದು ಕಾಣುವುದಿಲ್ಲ. ಸೈಕಲ್ ಹೊಡೆಯುವವರನ್ನು ನೋಡಿಯಾದರೂ ಕಲಿಯಬಹುದು, ಓದುವವರ ತಲೆಯೊಳಗೆ ನೋಡಲು ಆಗುತ್ತದಾ? ನಾವೇ ತೆರೆದು ತೋರಿಸಬೇಕು.

ಕೆಲವು ಕಡೆ ಮಕ್ಕಳು ಎಡವುವುದು ತೀರಾ ಸಣ್ಣ ಕಲ್ಲಿಗೆ. 'ಅಣ್ಣ ತಮ್ಮನಿಗೆ ಗಾಳಿಪಟ ಕೊಟ್ಟ. ಕುಣಿಯುತ್ತಾ ಅಂಗಳಕ್ಕೆ ಓಡಿದ.' ಓಡಿದ್ದು ಯಾರು? ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಹೇಳುವುದು ಮಾಮೂಲು. ಗಾಳಿಪಟ ಸಿಕ್ಕಿದವನು ಕುಣಿಯುತ್ತಾನೆ ಅಂತ ನಮಗೆ ಗೊತ್ತಾಗುತ್ತದೆ, ಮಗು ಅಣ್ಣನೇ ಓಡಿದ ಅಂತ ಹಿಡಿದುಕೊಂಡು ಮುಂದಿನ ನಾಲ್ಕು ಪುಟ ತಪ್ಪು ಕಥೆಯನ್ನೇ ಓದುತ್ತಾ ಹೋಗುತ್ತದೆ. ಅಲ್ಲೇ ನಿಂತು ಒಂದು ಮಾತು ಕೇಳಿದ್ದರೆ ಸರಿಹೋಗುತ್ತಿತ್ತು. ಕೊನೆಯಲ್ಲಿ ಕೇಳಿ ಏನು ಪ್ರಯೋಜನ?

ಇದಕ್ಕೆ ದಾರಿ ತೋರಿಸಿದವರು ಎಂದೋ ತೋರಿಸಿದ್ದಾರೆ. 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ಎಂಬಿಬ್ಬರು ಸಂಶೋಧಕರು, ಸರಾಗವಾಗಿ ಓದಿದರೂ ಅರ್ಥವಾಗದ ಮಕ್ಕಳ ಜೊತೆ ಕೆಲಸ ಮಾಡಿದರು. ಅವರಿಗೆ ಕಲಿಸಿದ್ದು ನಾಲ್ಕು ಕೆಲಸ: ಮುಂದೇನು ಅಂತ ಊಹಿಸುವುದು, ತಾವೇ ಪ್ರಶ್ನೆ ಹುಟ್ಟಿಸುವುದು, ಗೊತ್ತಾಗದ್ದನ್ನು ಬಿಡಿಸಿಕೊಳ್ಳುವುದು, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳುವುದು. ಮೊದಲು ಟೀಚರ್ ಮಾಡಿ ತೋರಿಸುತ್ತಾರೆ, ನಿಧಾನವಾಗಿ ಮಕ್ಕಳೇ ಸರದಿಯಲ್ಲಿ ಟೀಚರ್ ಆಗುತ್ತಾರೆ. ಮಕ್ಕಳ ಗ್ರಹಿಕೆ ಚೆನ್ನಾಗಿಯೇ ಸುಧಾರಿಸಿತು. ನನ್ನ ಅನುಭವದಲ್ಲಿ ಮಕ್ಕಳು ತಾವೇ ಪ್ರಶ್ನೆ ಹುಟ್ಟಿಸಲು ಶುರು ಮಾಡಿದ ದಿನದಿಂದ ತರಗತಿಯ ಗದ್ದಲವೇ ಬೇರೆ ಆಗುತ್ತದೆ. ಕೇಳಲು ಚಂದದ ಗದ್ದಲ ಅದು.

ಓದುವ ಮೊದಲು ನಾಲ್ಕು ಮಾತಾಡುವುದೂ ಮುಖ್ಯ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಜಾಸ್ತಿ ಅರ್ಥ ಮಾಡಿಕೊಂಡಿದ್ದರು. ಸಮುದ್ರದ ಕಥೆ ಓದಿಸುವ ಮೊದಲು ಸಮುದ್ರದ ಬಗ್ಗೆ ಐದು ನಿಮಿಷ ಮಾತಾಡಿದರೆ ನಷ್ಟವೇನೂ ಇಲ್ಲ.

'ಅಷ್ಟೆಲ್ಲ ಸಮಯ ಎಲ್ಲಿದೆ, ಓದುತ್ತಾ ಓದುತ್ತಾ ತಾನಾಗಿಯೇ ಬರುತ್ತದೆ' ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಕೆಲವರಿಗೆ ಬರುತ್ತದೆ. ಮನೆಯಲ್ಲಿ ಯಾರೋ ಕಥೆ ಓದಿ ಹೇಳಿ, ಮಾತಾಡಿಸಿ, ಅವರಿಗೆ ಗೊತ್ತಿಲ್ಲದ ಹಾಗೆ ಇದನ್ನೆಲ್ಲ ಕಲಿಸಿರುತ್ತಾರೆ. ಹಾಗೆ ಮಾಡುವವರು ಇಲ್ಲದ ಮಗು ಯಾರನ್ನು ನಂಬಬೇಕು? ಸಮಯದ ಮಾತಿಗೆ ಬಂದರೆ, ಹತ್ತು ಪ್ರಶ್ನೆಗೆ ಉತ್ತರ ಬರೆಸಿ, ತಿದ್ದಿ, ಮತ್ತೆ ಬರೆಸುವ ಹೊತ್ತಿನಲ್ಲಿ ಒಂದು ಪುಸ್ತಕವನ್ನು ಎರಡು ಸಲ ಮಾತಾಡುತ್ತಾ ಓದಬಹುದು. ನಾನು ಮಾಡಿ ನೋಡಿದ್ದೇನೆ. ಪ್ರಶ್ನೆ ಕೇಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಪುಸ್ತಕ ಮುಚ್ಚಿ ಕೇಳಬೇಡಿ.

ನಿನ್ನೆಯ ಕಥೆ ಇನ್ನೂ ಮುಗಿದಿಲ್ಲ. ಪುಟ್ಟಿಯ ಮುಖ ನೋಡಲಾಗದೆ, 'ಬಾ, ಇಬ್ಬರೂ ಸೇರಿ ಇನ್ನೊಂದು ಸಲ ಓದೋಣ' ಅಂದೆ. ಕೊಡೆಯ ಪುಟ ಬಂದಾಗ ನಾನೇ ನಿಂತೆ, ನನಗೆ ಅನ್ನಿಸಿದ್ದನ್ನೆಲ್ಲ ಜೋರಾಗಿ ಹೇಳಿದೆ. ಕೊಡೆ ಯಾರ ಮೇಲಿತ್ತು ಅನ್ನುವಷ್ಟರಲ್ಲಿ ಅವಳು ಚಿತ್ರದ ಮೇಲೆ ಕೈ ಇಟ್ಟು, 'ನಾಯಿಮರಿ ಮೇಲೆ ಹಿಡಿದಿದ್ದ!' ಅಂತ ಕೂಗಿದಳು.

ಎರಡು ಪುಟ ಮುಂದೆ ಹೋದೆವು. 'ಮರುದಿನ ಹುಡುಗ ಶಾಲೆಗೆ ಹೋಗಲಿಲ್ಲ. ನಾಯಿಮರಿ ಗೇಟಿನವರೆಗೆ ಹೋಗಿ, ತಿರುಗಿ ಬಂದು, ಅವನ ಹಾಸಿಗೆಯ ಪಕ್ಕ ಮಲಗಿತು' ಅಂತ ಓದಿದಳು. ಈ ಸಲ ನಾನು ಮಾತಾಡಲಿಲ್ಲ. ಅವಳೇ ನಿಂತಳು. ಪುಟ ಹಿಂದೆ ತಿರುಗಿಸಿ ಮಳೆಯ ಚಿತ್ರ ನೋಡಿದಳು, ಮತ್ತೆ ಮುಂದಕ್ಕೆ ಬಂದಳು. 'ಅವನಿಗೆ ಜ್ವರ ಬಂದಿದೆ. ನಿನ್ನೆ ನೆಂದಿದ್ದನಲ್ಲ, ಅದಕ್ಕೇ' ಅಂದಳು. ಒಂದು ಕ್ಷಣ ಬಿಟ್ಟು, ಅಪ್ಪನ ಕಡೆ ತಿರುಗಿ, ಮುಖ ತುಂಬಾ ನಗು ತುಂಬಿಕೊಂಡು ಹೇಳಿದಳು, 'ಅಪ್ಪಾ, ಇದೂ ಪುಸ್ತಕದಲ್ಲಿ ಬರೆದಿಲ್ಲ!'